ಎರಡು ನದಿಗಳ ಮೂಲೆಯ ಊರು: ಕೇರೋ

ಅಟ್ಲಾಸಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪುಟವನ್ನು ತೆರೆಯಿರಿ. ಮಿಸಿಸಿಪಿ ನದಿಯ ಗೆರೆಯ ಮೇಲೆ ಬೆರಳಿಟ್ಟು ಉತ್ತರದಿಂದ ದಕ್ಷಿಣಕ್ಕೆ ಬನ್ನಿ. ಸೇಂಟ್ ಲೂಯಿಸ್ ನಗರ ದಾಟಿ ಇನ್ನಷ್ಟು ಕೆಳಗಿಳಿದರೆ ಪೂರ್ವ ದಿಕ್ಕಿನಿಂದ ಅಷ್ಟೇ ದಪ್ಪದ ಇನ್ನೊಂದು ಗೆರೆ ಬಂದು ಸೇರುತ್ತದೆ. ಅದು ಒಹಾಯೊ ನದಿ. ಎರಡೂ ಕೂಡುವಲ್ಲಿ, ಇಲಿನಾಯ್ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿ, ನಾಲಿಗೆಯಂತೆ ಚಾಚಿಕೊಂಡ ಒಂದು ತುಂಡು ನೆಲವಿದೆ. ಅದರ ಮೇಲಿರುವ ಊರೇ ಕೇರೋ. ಇಂಗ್ಲಿಷಿನಲ್ಲಿ ಇದರ ಕಾಗುಣಿತ ಈಜಿಪ್ಟಿನ ರಾಜಧಾನಿ ಕೈರೋದ್ದೇ. ಉಚ್ಚಾರಣೆ ಮಾತ್ರ ಬೇರೆ. ಊರಿನವರ ಬಾಯಲ್ಲಿ ಅದು ಕೇರೋ.

ಭೂಗೋಳದ ಪಾಠದಲ್ಲಿ ನಾವೆಲ್ಲ ಕಲಿತ ಒಂದು ಮಾತಿದೆ. ನದಿಗಳು ಕೂಡುವಲ್ಲಿ ವ್ಯಾಪಾರ ಬೆಳೆಯುತ್ತದೆ, ವ್ಯಾಪಾರ ಬೆಳೆದಲ್ಲಿ ನಗರ ಬೆಳೆಯುತ್ತದೆ ಎಂದು. ಹಾಗಾದರೆ ಕೇರೋ ಇಂದು ಬಹು ದೊಡ್ಡ ನಗರವಾಗಿರಬೇಕಿತ್ತು. ಆದರೆ ಜನಗಣತಿಯ ಅಂಕಿಗಳನ್ನು ನೋಡಿ. 1920ರಲ್ಲಿ ಇಲ್ಲಿದ್ದವರು 15,203 ಮಂದಿ. ಊರು ಕಂಡ ಅತಿ ಹೆಚ್ಚಿನ ಜನಸಂಖ್ಯೆ ಅದು. 1960ರಲ್ಲಿ 9,348. 2020ರಲ್ಲಿ ಕೇವಲ 1,733. ಯುದ್ಧವಾಗಲಿ ಭೂಕಂಪವಾಗಲಿ ಊರನ್ನು ನಾಶ ಮಾಡಲಿಲ್ಲ. ಪ್ರವಾಹವೂ ಮಾಡಲಿಲ್ಲ. ಹಾಗಾದರೆ ನೂರು ವರ್ಷಗಳಲ್ಲಿ ಒಂಬತ್ತರಲ್ಲಿ ಎಂಟು ಪಾಲು ಜನ ಕರಗಿದ್ದು ಹೇಗೆ?

ತೆರೆಯ ಮೇಲೆ ಈ ಊರನ್ನು ತೋರಿಸುವವರೆಲ್ಲ ಸಾಮಾನ್ಯವಾಗಿ ಒಂದೇ ಕೆಲಸ ಮಾಡುತ್ತಾರೆ. ಬಾಗಿಲು ಮುಚ್ಚಿದ ಅಂಗಡಿಗಳ ಸಾಲು, ಇಟ್ಟಿಗೆ ಗೋಡೆಯ ಬಿರುಕಿನಲ್ಲಿ ಬೆಳೆದ ಗಿಡ, ಖಾಲಿ ಬೀದಿ. ಚಿತ್ರ ಚೆನ್ನಾಗಿರುತ್ತದೆ. ನಮ್ಮ ವೃತ್ತಿಯವರಿಗೆ ಹಾಳುಬಿದ್ದ ಕಟ್ಟಡ ಕಂಡರೆ ಕ್ಯಾಮೆರಾ ತಾನಾಗಿ ಅತ್ತ ತಿರುಗುತ್ತದೆ. ಆದರೆ ಬಾಗಿಲು ಏಕೆ ಮುಚ್ಚಿತು ಎಂಬುದನ್ನು ಕ್ಯಾಮೆರಾ ಹೇಳಲಾರದು. ಅದಕ್ಕೆ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ನದಿಗಳ ವಿಚಾರ. ಸಂಗಮದಲ್ಲಿ ಎರಡು ನೀರಿನ ಬಣ್ಣ ಬೇರೆಬೇರೆಯಾಗಿ ಕಾಣುತ್ತದೆ. ಮಿಸಿಸಿಪಿ ಕಂದು ಬಣ್ಣದ್ದು, ಏಕೆಂದರೆ ಸೇಂಟ್ ಲೂಯಿಸಿನ ಮೇಲೆಯೇ ಅದಕ್ಕೆ ಸೇರುವ ಮಿಸ್ಸೂರಿ ನದಿ ಬಯಲುಸೀಮೆಯ ಮಣ್ಣನ್ನೆಲ್ಲ ಹೊತ್ತು ತಂದಿರುತ್ತದೆ. ಒಹಾಯೊ ಅದಕ್ಕಿಂತ ತಿಳಿ. ಮಾರ್ಕ್ ಟ್ವೇನನ ‘ಹಕಲ್‌ಬರಿ ಫಿನ್’ ಓದಿದವರಿಗೆ ಇದು ನೆನಪಿರಬಹುದು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಜಿಮ್ ಮತ್ತು ಹುಡುಗ ಹಕ್ ತೆಪ್ಪದಲ್ಲಿ ಹೊರಡುವುದು ಈ ಕೇರೋವನ್ನು ಗುರಿಯಾಗಿಟ್ಟುಕೊಂಡೇ. ಅಲ್ಲಿಂದ ಒಹಾಯೊ ಹಿಡಿದು ಮೇಲಕ್ಕೆ ಹೋದರೆ ಗುಲಾಮಗಿರಿ ಇಲ್ಲದ ರಾಜ್ಯಗಳು. ಮಂಜಿನಲ್ಲಿ ಊರು ತಪ್ಪಿಹೋಗುತ್ತದೆ. ತಪ್ಪಿತೆಂದು ಅವರಿಗೆ ಗೊತ್ತಾಗುವುದು ದಡದ ಪಕ್ಕದಲ್ಲಿ ತಿಳಿನೀರು, ಆಚೆ ಕೆಸರುನೀರು ಕಂಡಾಗ. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಮುಂದೆ ಹರಿಯುವ ನದಿಗೆ ಮಿಸಿಸಿಪಿ ಎಂಬ ಹೆಸರು ಉಳಿದರೂ, ಸಂಗಮದಲ್ಲಿ ಸರಾಸರಿ ಹೆಚ್ಚು ನೀರು ತರುವುದು ಒಹಾಯೊ.

ಇಂಥ ಜಾಗದ ಮೇಲೆ ವ್ಯಾಪಾರಿಗಳ ಕಣ್ಣು ಬೇಗ ಬಿತ್ತು. 1818ರಲ್ಲಿ ಸೇಂಟ್ ಲೂಯಿಸಿನ ಜಾನ್ ಕೊಮೆಗಿಸ್ ಎಂಬ ವರ್ತಕ ಇಲ್ಲಿ ನಗರವೊಂದನ್ನು ಕಾಗದದ ಮೇಲೆ ಸ್ಥಾಪಿಸಿ ಕೇರೋ ಎಂದು ಹೆಸರಿಟ್ಟ. ಅದು ಕಾಗದದಲ್ಲೇ ಉಳಿಯಿತು. 1837ರ ನಂತರ ಡೇರಿಯಸ್ ಹೋಲ್‌ಬ್ರುಕ್ ಎಂಬಾತ ಕಂಪನಿ ಕಟ್ಟಿ, ಲಂಡನ್ನಿನಲ್ಲಿ ಸಾಲಪತ್ರಗಳನ್ನು ಮಾರಿ, ಏರಿ ಹಾಕಿಸಿ ಕಟ್ಟಡಗಳನ್ನು ಎಬ್ಬಿಸಿದ. ಸ್ವಲ್ಪ ಕಾಲದಲ್ಲೇ ಕಂಪನಿ ದಿವಾಳಿಯಾಯಿತು. 1842ರಲ್ಲಿ ಉಗಿಹಡಗಿನಲ್ಲಿ ಈ ದಾರಿಯಲ್ಲಿ ಬಂದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕಂಡದ್ದು ಅರ್ಧಕ್ಕೆ ನಿಂತ ಮನೆಗಳು, ಜೌಗು, ಜ್ವರ. ತನ್ನ ಪ್ರವಾಸ ಕಥನದಲ್ಲಿ ಆತ ಊರನ್ನು ಕಟುವಾಗಿ ಬಯ್ದ. ‘ಮಾರ್ಟಿನ್ ಚಸಲ್‌ವಿಟ್’ ಕಾದಂಬರಿಯಲ್ಲಿ ಮೋಸಗಾರರು ಮಾರುವ ‘ಈಡನ್’ ಎಂಬ ಊರಿಗೂ ಇದೇ ಮಾದರಿ ಎಂದು ಹಲವರ ನಂಬಿಕೆ.

ಊರು ನಿಜವಾಗಿ ಎದ್ದು ನಿಂತದ್ದು ರೈಲು ಬಂದ ಮೇಲೆ. 1850ರ ದಶಕದಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಮಾರ್ಗ ಉತ್ತರದಿಂದ ಕೇರೋವರೆಗೆ ಬಂತು. ಮುಂದೆ ನದಿ, ಸೇತುವೆ ಇಲ್ಲ. ರೈಲಿನ ಸರಕು ಹಡಗಿಗೆ ಹೋಗಬೇಕು, ಹಡಗಿನ ಸರಕು ರೈಲಿಗೆ ಬರಬೇಕು. ಇಳಿಸುವವರು, ಹೇರುವವರು, ಉಗ್ರಾಣ, ಹೋಟೆಲು, ಬ್ಯಾಂಕು ಎಲ್ಲಕ್ಕೂ ಕೆಲಸ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಈ ಮೂಲೆಯ ಬೆಲೆ ಇನ್ನೂ ಏರಿತು. ಆ ಸೆಪ್ಟೆಂಬರಿನಲ್ಲಿ ಯುಲಿಸಿಸ್ ಗ್ರಾಂಟ್ ಇಲ್ಲಿಗೆ ಬಂದು ತನ್ನ ಠಾಣ್ಯ ಮಾಡಿಕೊಂಡ. ಪಕ್ಕದ ಮೌಂಡ್ ಸಿಟಿಯಲ್ಲಿ ಕಬ್ಬಿಣದ ಹೊದಿಕೆಯ ತೋಪುದೋಣಿಗಳು ತಯಾರಾದವು. 1862ರ ಫೆಬ್ರವರಿಯಲ್ಲಿ ದಕ್ಷಿಣದ ಹೆನ್ರಿ ಮತ್ತು ಡಾನಲ್‌ಸನ್ ಕೋಟೆಗಳನ್ನು ಹಿಡಿದ ಸೈನ್ಯಕ್ಕೆ ನೆಲೆ ಕೇರೋ. ಗ್ರಾಂಟ್ ಮುಂದೆ ದೇಶದ ಅಧ್ಯಕ್ಷನಾದ.

ಯುದ್ಧದ ನಂತರದ ಶ್ರೀಮಂತಿಕೆಯ ಗುರುತುಗಳು ಈಗಲೂ ಉಳಿದಿವೆ: 1872ರ ಕಲ್ಲಿನ ಸುಂಕದ ಕಟ್ಟೆ, 1884ರ ಗ್ರಂಥಾಲಯ, ಹಿಟ್ಟಿನ ವ್ಯಾಪಾರಿಯೊಬ್ಬ ಕಟ್ಟಿಸಿದ ಮ್ಯಾಗ್ನೋಲಿಯ ಮೇನರ್ ಎಂಬ ಬಂಗಲೆ.

ಈಗ ಒಂದು ಸೂಕ್ಷ್ಮವನ್ನು ಗಮನಿಸಿ. ಕೇರೋ ಬದುಕಿದ್ದು ಸಂಗಮದಿಂದ ಎನ್ನುವುದಕ್ಕಿಂತ ಅಡಚಣೆಯಿಂದ ಎನ್ನುವುದು ಸರಿ. ಸರಕು ಇಲ್ಲಿ ನಿಲ್ಲಲೇಬೇಕಿತ್ತು. ಅದರಿಂದ ಊರಿಗೆ ಅನ್ನ. 1889ರಲ್ಲಿ ಒಹಾಯೊ ನದಿಗೆ ಉದ್ದನೆಯ ಉಕ್ಕಿನ ರೈಲು ಸೇತುವೆ ಬಿತ್ತು. ಅದುವರೆಗೆ ರೈಲು ಡಬ್ಬಿಗಳನ್ನು ದೋಣಿಯ ಮೇಲೆ ಹತ್ತಿಸಿ ಆಚೆ ದಡಕ್ಕೆ ಸಾಗಿಸುತ್ತಿದ್ದರು. ಸೇತುವೆಯಾದ ಮೇಲೆ ರೈಲು ನಿಲ್ಲದೆ ದಾಟಿತು. 1905ರಲ್ಲಿ ಇನ್ನೂ ಮೇಲೆ, ಥೀಬ್ಸ್ ಎಂಬಲ್ಲಿ, ಮಿಸಿಸಿಪಿಗೆ ಮತ್ತೊಂದು ರೈಲು ಸೇತುವೆ. ಆಮೇಲೆ ಮೋಟಾರು ಸೇತುವೆಗಳು. 1978ರಲ್ಲಿ ಹೆದ್ದಾರಿ ಊರಿನೊಳಗೆ ಬರದೆ ಪಕ್ಕದಿಂದಲೇ ನದಿ ದಾಟಿತು. ಪ್ರತಿಯೊಂದು ಸೇತುವೆಯೂ ದೇಶಕ್ಕೆ ಅನುಕೂಲ, ಕೇರೋಗೆ ನಷ್ಟ.

ಆದರೆ ಸೇತುವೆ ಬಂದ ಊರೆಲ್ಲ ಹೀಗಾಗಲಿಲ್ಲ. ಬೇರೆ ಕಸುಬು ಹುಡುಕಿಕೊಂಡು ಉಳಿದ ನದಿಯೂರುಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಕೇರೋ ಹಾಗೆ ಉಳಿಯಲಾಗದ್ದಕ್ಕೆ ಕಾರಣ ಊರಿನೊಳಗೇ ಇತ್ತು.

ನಕ್ಷೆಯನ್ನು ಮತ್ತೆ ನೋಡಿ. ಇಲಿನಾಯ್ ಗುಲಾಮಗಿರಿಯನ್ನು ಒಪ್ಪದ ರಾಜ್ಯ. ಆದರೆ ಒಹಾಯೊ ಆಚೆಯ ಕೆಂಟಕಿಯೂ ಮಿಸಿಸಿಪಿ ಆಚೆಯ ಮಿಸ್ಸೂರಿಯೂ ಗುಲಾಮರನ್ನಿಟ್ಟುಕೊಂಡ ರಾಜ್ಯಗಳು. ಯುದ್ಧಕಾಲದಲ್ಲಿ ದಕ್ಷಿಣದಿಂದ ಬಿಡುಗಡೆ ಪಡೆದ ಸಾವಿರಾರು ಕಪ್ಪು ಜನರು ಕೇರೋಗೆ ಬಂದರು. ಹಲವರು ಇಲ್ಲೇ ನೆಲೆನಿಂತರು. 1910ರ ಹೊತ್ತಿಗೆ ಊರಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಅವರೇ. ಕಾನೂನು ಉತ್ತರದ್ದು, ನಡವಳಿಕೆ ದಕ್ಷಿಣದ್ದು. 1909ರ ನವೆಂಬರ್ 11ರ ರಾತ್ರಿ, ಬಿಳಿಯ ಯುವತಿಯೊಬ್ಬಳ ಕೊಲೆಯ ಆರೋಪ ಹೊತ್ತಿದ್ದ ವಿಲ್ ಜೇಮ್ಸ್ ಎಂಬ ಕಪ್ಪು ಮನುಷ್ಯನನ್ನು ಸಾವಿರಾರು ಜನರ ಗುಂಪು ಶೆರಿಫನ ಕೈಯಿಂದ ಕಸಿದು, ವಿಚಾರಣೆ ಇಲ್ಲದೆ, ಊರ ನಡುವಿನ ವಿದ್ಯುದ್ದೀಪಗಳ ಕಮಾನಿನ ಕೆಳಗೆ ಕೊಂದಿತು. ಅದೇ ರಾತ್ರಿ ಜೈಲಿನಲ್ಲಿದ್ದ ಬಿಳಿಯ ಕೈದಿಯೊಬ್ಬನನ್ನೂ ಎಳೆದು ತಂದು ನೇಣಿಗೆ ಹಾಕಿದರು.

ಕೈದಿಯನ್ನು ಗುಂಪಿಗೆ ಬಿಟ್ಟುಕೊಟ್ಟ ಶೆರಿಫ್ ಹುದ್ದೆ ಕಳೆದುಕೊಳ್ಳಬೇಕೆಂಬ ಕಾನೂನು 1905ರಿಂದ ಇಲಿನಾಯ್‌ನಲ್ಲಿತ್ತು. ಹುದ್ದೆ ಹೋಯಿತು, ಮರಳಿ ಕೊಡಿ ಎಂದು ಶೆರಿಫ್ ಅರ್ಜಿ ಹಾಕಿದ. ಆಗ ಷಿಕಾಗೋದಿಂದ ಒಂಟಿಯಾಗಿ ಕೇರೋಗೆ ಬಂದವರು ಪತ್ರಕರ್ತೆ ಐಡಾ ಬಿ. ವೆಲ್ಸ್. ಹುಟ್ಟಿದ್ದು ಗುಲಾಮಗಿರಿಯಲ್ಲಿ. ಊರಿನ ಜನರನ್ನು ಮಾತನಾಡಿಸಿ, ಸಂಗತಿಗಳನ್ನು ಕಲೆಹಾಕಿ, ರಾಜಧಾನಿ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ಗವರ್ನರ್ ಡೆನೀನ್ ಮುಂದೆ ವಾದಿಸಿದರು. ಗವರ್ನರ್ ಅರ್ಜಿಯನ್ನು ತಿರಸ್ಕರಿಸಿದರು. ಒಬ್ಬ ಮಹಿಳೆ ಕಾಗದದಲ್ಲಿದ್ದ ಕಾನೂನಿಗೆ ಜೀವ ಕೊಟ್ಟ ಈ ಘಟನೆ ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕಾದದ್ದು ಎಂದು ನನಗನ್ನಿಸುತ್ತದೆ.

ಐವತ್ತು ವರ್ಷ ದಾಟಿ ಬನ್ನಿ. 1962ರಲ್ಲಿ ಊರಿನ ಈಜುಕೊಳ ಬಿಳಿಯರಿಗೆ ಮಾತ್ರ. ವಿದ್ಯಾರ್ಥಿಗಳು ಅದರ ಮುಂದೆ ಪ್ರತಿಭಟಿಸಿದರು. ಮುಂದೆ ಅಮೆರಿಕದ ಸಂಸತ್ ಸದಸ್ಯರಾದ ಜಾನ್ ಲೂಯಿಸ್ ಅಲ್ಲಿ ಮಂಡಿಯೂರಿ ಪ್ರಾರ್ಥಿಸುವ ಛಾಯಾಚಿತ್ರ ದೇಶವಿಡೀ ಪ್ರಸಿದ್ಧವಾಯಿತು. ಮರುವರ್ಷ ಕೊಳವನ್ನೇ ಮುಚ್ಚಿದರು. ಕೊನೆಗೆ ಕಾಂಕ್ರೀಟು ಸುರಿದು ತುಂಬಿದರು. ಅವರೊಂದಿಗೆ ನಮ್ಮ ಮಕ್ಕಳು ಈಜುವುದಕ್ಕಿಂತ ನಮ್ಮ ಮಕ್ಕಳೂ ಈಜದಿರಲಿ ಎಂಬ ಲೆಕ್ಕ.

1967ರ ಜುಲೈನಲ್ಲಿ ರಜೆಯ ಮೇಲಿದ್ದ ರಾಬರ್ಟ್ ಹಂಟ್ ಎಂಬ 19 ವರ್ಷದ ಕಪ್ಪು ಸೈನಿಕ ಪೊಲೀಸ್ ಠಾಣೆಯಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸತ್ತ. ಪೊಲೀಸರು ಆತ್ಮಹತ್ಯೆ ಎಂದರು. ಕಪ್ಪು ಜನರು ನಂಬಲಿಲ್ಲ. ಗಲಭೆಯಾಯಿತು, ರಾಜ್ಯದ ರಕ್ಷಣಾ ಪಡೆ ಬಂತು. 1969ರಲ್ಲಿ ಯುನೈಟೆಡ್ ಫ್ರಂಟ್ ಎಂಬ ಸಂಘಟನೆ, ಚಾರ್ಲ್ಸ್ ಕೋಯೆನ್ ಎಂಬ ಪಾದ್ರಿಯ ಮುಂದಾಳತ್ವದಲ್ಲಿ, ತಮ್ಮವರಿಗೆ ಕೆಲಸ ಕೊಡದ ಅಂಗಡಿಗಳನ್ನು ಬಹಿಷ್ಕರಿಸಿತು. ವರ್ಷಗಟ್ಟಲೆ ನಡೆದ ಬಹಿಷ್ಕಾರ ಅದು. ರಾತ್ರಿ ಗುಂಡಿನ ಸದ್ದು. ಅನೇಕ ಅಂಗಡಿಗಳವರು ಕಪ್ಪು ನೌಕರನೊಬ್ಬನನ್ನು ಇಟ್ಟುಕೊಳ್ಳುವ ಬದಲು ಬಾಗಿಲನ್ನೇ ಹಾಕಿಕೊಂಡು ಊರು ಬಿಟ್ಟರು. ಚಿತ್ರಗಳಲ್ಲಿ ನಾವು ಕಾಣುವ ಮುಚ್ಚಿದ ಬಾಗಿಲುಗಳಲ್ಲಿ ಎಷ್ಟೋ ಹೀಗೆ ಮುಚ್ಚಿದವು. 1986ರಲ್ಲಿ ಆಸ್ಪತ್ರೆಯೂ ಮುಚ್ಚಿತು.

ಇನ್ನು ನೀರು. ಕೇರೋ ಇಲಿನಾಯ್ ರಾಜ್ಯದ ಅತಿ ತಗ್ಗಿನ ಪ್ರದೇಶ. ಊರಿನ ಸುತ್ತ ಏರಿ ಮತ್ತು ಕಾಂಕ್ರೀಟು ಗೋಡೆ. ಉತ್ತರದ ರಸ್ತೆ ಏರಿಯ ಕೆಳಗೆ ತೂರಿ ಬರುವಲ್ಲಿ ಭಾರಿ ಉಕ್ಕಿನ ಬಾಗಿಲೊಂದಿದೆ. ಅದನ್ನು ಇಳಿಸಿದರೆ ಊರು ಬಟ್ಟಲಿನಂತೆ ಮುಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡೂ ನದಿ ಒಟ್ಟಿಗೆ ತುಂಬಿ ಬರುವುದಿಲ್ಲ. ಚಳಿಗಾಲದ ಕೊನೆಯ ಮಳೆಗೆ ಒಹಾಯೊ, ಹಿಮ ಕರಗಿದ ಮೇಲೆ ಮಿಸಿಸಿಪಿ. ಒಮ್ಮೊಮ್ಮೆ ಎರಡೂ ಕೂಡಿ ಬಂದಾಗಲೇ ಅಪಾಯ.

ಏರಿ ಗಟ್ಟಿಯಾಗಿದ್ದರೂ ನೀರು ಸುಮ್ಮನಿರುವುದಿಲ್ಲ. ಏರಿಯ ಕೆಳಗೆ ಮರಳಿನ ಪದರವಿದೆ. ಆಚೆ ನೀರು ಎತ್ತರದಲ್ಲಿದ್ದಾಗ ಅದರ ಒತ್ತಡಕ್ಕೆ ಮರಳಿನ ಮೂಲಕ ನುಸುಳಿ, ಈಚೆ ನೆಲದಿಂದ ಬುಗ್ಗೆಯಾಗಿ ಏಳುತ್ತದೆ. ತಿಳಿನೀರು ಬಂದರೆ ಅಷ್ಟು ಭಯವಿಲ್ಲ. ಮರಳು ಬೆರೆತು ಬಂದರೆ ಏರಿಯ ಬುಡ ಒಳಗೊಳಗೇ ಕೊರೆದು ಹೋಗುತ್ತಿದೆ ಎಂದರ್ಥ. ಬುಗ್ಗೆಯನ್ನು ಮುಚ್ಚಲು ಹೋಗಬಾರದು. ನೀರು ಇನ್ನೊಂದು ಕಡೆ ಏಳುತ್ತದೆ. ಸುತ್ತ ಮರಳಿನ ಚೀಲಗಳನ್ನು ಬಾವಿಕಟ್ಟೆಯಂತೆ ಜೋಡಿಸುತ್ತಾರೆ. ಕಟ್ಟೆಯೊಳಗೆ ನೀರು ಏರಿದಷ್ಟೂ ಅದರ ತೂಕ ಕೆಳಗಿನ ಒತ್ತಡವನ್ನು ಎದುರಿಸುತ್ತದೆ, ಹರಿವು ನಿಧಾನವಾಗುತ್ತದೆ, ಮರಳು ನಿಲ್ಲುತ್ತದೆ. ಪಿಯುಸಿ ಭೌತಶಾಸ್ತ್ರದಲ್ಲಿ ಓದುವ ದ್ರವಗಳ ಒತ್ತಡ ಇದೇ.

1927ರ ಮಹಾಪ್ರವಾಹದ ಮರುವರ್ಷ ಸಂಸತ್ತು ಒಂದು ಕಾನೂನು ಮಾಡಿತು. ಅದರಂತೆ ಮಿಸ್ಸೂರಿ ದಡದ ಬರ್ಡ್ಸ್ ಪಾಯಿಂಟಿನಿಂದ ನ್ಯೂ ಮ್ಯಾಡ್ರಿಡ್‌ವರೆಗೆ ಸುಮಾರು 1,30,000 ಎಕರೆ ನೆಲ ನೆರೆನೀರಿನ ದಾರಿ ಎಂದು ಗೊತ್ತಾಯಿತು. ಅತಿಯಾದ ನೀರು ಬಂದರೆ ಅಲ್ಲಿನ ಏರಿಯನ್ನು ಒಡೆದು ನೀರನ್ನು ಆ ಹೊಲಗಳ ಮೇಲೆ ಹರಿಯಬಿಡುವುದು. 1937ರಲ್ಲಿ ಹಾಗೆ ಮಾಡಿದರು. ಒಹಾಯೊ ದಡದ ದೊಡ್ಡ ದೊಡ್ಡ ನಗರಗಳು ಮುಳುಗಿದರೂ ಕೇರೋ ಒಣಗಿಯೇ ಉಳಿಯಿತು.

ಎರಡನೆಯ ಸಲ 2011ರಲ್ಲಿ. ಆ ವೇಳೆಗೆ ಊರಿನಲ್ಲಿ ಮೂರು ಸಾವಿರ ಜನವೂ ಇಲ್ಲ. ಅವರನ್ನೆಲ್ಲ ಹೊರಗೆ ಕಳಿಸಿದ್ದರು. ನೀರು ಏರುತ್ತಲೇ ಇತ್ತು. ಗೋಡೆ ತಾಳುವುದು 64 ಅಡಿ. ಬಡವರೇ ಹೆಚ್ಚಿರುವ, ಅರ್ಧ ಖಾಲಿಯಾದ ಊರಿಗಾಗಿ ಫಲವತ್ತಾದ ಹೊಲಗಳನ್ನು ಮುಳುಗಿಸಬೇಕೆ ಎಂದು ಮಿಸ್ಸೂರಿ ರಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಕೋರ್ಟು ತಡೆಯಲಿಲ್ಲ. ಯಾವುದು ಮುಳುಗಬೇಕು ಎಂದು ಕೇಳಿದಾಗ ಆ ರಾಜ್ಯದ ಶಾಸನಸಭೆಯ ಅಧ್ಯಕ್ಷರು ಕೇರೋ ಎಂದೇ ಉತ್ತರಿಸಿ, ಆಮೇಲೆ ಕ್ಷಮೆ ಕೇಳಿದರು. ತೀರ್ಮಾನ ಸೈನ್ಯದ ಇಂಜಿನಿಯರ್ ವಿಭಾಗದ ಮೇಜರ್ ಜನರಲ್ ಮೈಕೆಲ್ ವಾಲ್ಷ್ ಅವರದು. ಮೇ 2ರ ರಾತ್ರಿ, ನೀರಿನ ಮಟ್ಟ 61.72 ಅಡಿ ಮುಟ್ಟಿದಾಗ, ಏರಿಯೊಳಗಿನ ಕೊಳವೆಗಳಿಗೆ ತುಂಬಿದ್ದ ದ್ರವ ಸ್ಫೋಟಕವನ್ನು ಸಿಡಿಸಿದರು. ಎರಡು ದಿನದೊಳಗೆ ಕೇರೋದಲ್ಲಿ ನೀರು ಒಂದಡಿಗೂ ಹೆಚ್ಚು ಇಳಿಯಿತು.

ಊರು ಉಳಿಯಿತು. ಆದರೆ ಆ ನೀರಿನ ದಾರಿಯಲ್ಲಿ ಪಿನ್‌ಹುಕ್ ಎಂಬ ಹಳ್ಳಿಯಿತ್ತು. 1940ರ ದಶಕದಲ್ಲಿ ಕಪ್ಪು ಗೇಣಿದಾರರು ಹಣ ಕೂಡಿಸಿ ನೆಲ ಕೊಂಡು ಕಟ್ಟಿಕೊಂಡ ಹಳ್ಳಿ. ಬೇರೆಡೆ ಅವರಿಗೆ ನೆಲ ಮಾರುವವರಿರಲಿಲ್ಲ; ಸಿಕ್ಕಿದ್ದು ತಗ್ಗಿನ ಈ ಜಾಗ. ಪಿನ್‌ಹುಕ್ ಪೂರ್ತಿ ಹಾಳಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. 2015ರಲ್ಲಿ ಊರಿನ ದಿನಸಿ ಅಂಗಡಿ ಮುಚ್ಚಿತು. 2017ರಲ್ಲಿ, ದುರಸ್ತಿಯಿಲ್ಲದೆ ಹಾಳಾದ ಎರಡು ಸರ್ಕಾರಿ ವಸತಿ ಸಮುಚ್ಚಯಗಳನ್ನು ಖಾಲಿ ಮಾಡಿಸುವ ನಿರ್ಧಾರವಾಗಿ ಸುಮಾರು 400 ಜನರು ಮನೆ ಬಿಡಬೇಕಾಯಿತು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು. 2023ರಲ್ಲಿ ಊರವರೇ ಸೇರಿ ಸಹಕಾರಿ ದಿನಸಿ ಅಂಗಡಿಯೊಂದನ್ನು ತೆರೆದರು, ನಡೆಸುವುದು ಸುಲಭವಾಗಲಿಲ್ಲ.

ನದಿ ಮಾತ್ರ ಖಾಲಿಯಾಗಿಲ್ಲ. ಕೆಳಗಿನ ಮಿಸಿಸಿಪಿಯ ಪ್ರವಾಹದ ಮುನ್ಸೂಚನೆಗೆ ಇಂದಿಗೂ ಕೇರೋದ ಅಳತೆಗೋಲಿನ ಅಂಕಿಯೇ ಮುಖ್ಯ. ನಾವಿಕರು ಅದನ್ನು ನೋಡಿಕೊಳ್ಳುತ್ತಾರೆ. ಜೋಳ, ಸೋಯಾ, ಕಲ್ಲಿದ್ದಲು ತುಂಬಿದ ಬಾರ್ಜುಗಳ ಸಾಲುಗಳು ಊರಿನ ಎದುರಿನಿಂದ ಹಾದು ಹೋಗುತ್ತವೆ. ಅವು ನಿಲ್ಲುವಂತೆ ಇಲ್ಲೊಂದು ಬಂದರು ಕಟ್ಟಲು ರಾಜ್ಯ ಸರ್ಕಾರ 2020ರಲ್ಲಿ 4 ಕೋಟಿ ಡಾಲರ್ ಘೋಷಿಸಿತು. ಸರಕನ್ನು ರೈಲಿನಿಂದ ನೀರಿಗೆ, ನೀರಿನಿಂದ ರೈಲಿಗೆ ಬದಲಿಸುವ ಜಾಗ. 1850ರ ದಶಕದಲ್ಲಿ ಊರು ಮಾಡುತ್ತಿದ್ದ ಕೆಲಸವೇ.