ಗಾಲಿಯ ಮನೆ ಹತ್ತದ ಬೆಟ್ಟ

ಹಿಂದೆ ಹಾಸಿಗೆ, ನಡುವೆ ಅಡಿಗೆಮನೆ, ಪಕ್ಕದಲ್ಲಿ ಪುಟ್ಟ ಬಚ್ಚಲು, ಮುಂದೆ ಚಾಲಕನ ಆಸನ. ಅಮೆರಿಕದವರು ಮೋಟಾರ್‌ಹೋಮ್ ಎಂದು ಕರೆಯುವ ವಾಹನ ಗಾಲಿಗಳ ಮೇಲೆ ಕೂತ ಒಂದು ಸಂಸಾರವೇ ಸರಿ. ಹೋಟೆಲಿನ ಹಂಗಿಲ್ಲ, ಊರೂರಿಗೂ ಗಂಟುಮೂಟೆ ಬಿಚ್ಚಿ ಕಟ್ಟುವ ಗೋಜಿಲ್ಲ. ಬೇಸಿಗೆ ಬಂತೆಂದರೆ ನಿವೃತ್ತ ದಂಪತಿಗಳು, ಮಕ್ಕಳೊಂದಿಗರು ಇಂಥ ವಾಹನಗಳಲ್ಲಿ ಪಶ್ಚಿಮದ ಪರ್ವತಗಳತ್ತ ಹೊರಡುತ್ತಾರೆ. ಆದರೆ ಆ ಸೀಮೆಯ ಅತಿ ಸುಂದರ ಬೆಟ್ಟದ ರಸ್ತೆಗಳಲ್ಲೊಂದು ಈ ಮನೆಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನವನ್ನು ಅಡ್ಡಲಾಗಿ ದಾಟುವ ಆ ರಸ್ತೆಗೆ ‘ಗೋಯಿಂಗ್-ಟು-ದ-ಸನ್ ರೋಡ್’ ಎಂದು ಹೆಸರು. ಸೂರ್ಯನೆಡೆಗೆ ಹೋಗುವ ದಾರಿ ಎಂದರ್ಥ. ದಾರಿಯಲ್ಲಿ ಸಿಗುವ ಪರ್ವತವೊಂದರ ಹೆಸರೇ ರಸ್ತೆಗೂ ಬಂದಿದೆ. ಉದ್ದ ಸುಮಾರು 80 ಕಿ.ಮೀ. ಘಟ್ಟದ ನೆತ್ತಿ ಲೋಗನ್ ಪಾಸ್, 6,646 ಅಡಿ ಎತ್ತರದಲ್ಲಿದೆ. ಅಲ್ಲಿ ಪಶ್ಚಿಮಕ್ಕೆ ಹರಿದ ನೀರು ಪೆಸಿಫಿಕ್ ಸಾಗರ ಸೇರಿದರೆ ಪೂರ್ವಕ್ಕೆ ಹರಿದದ್ದು ದೂರದ ಹಡ್ಸನ್ ಕೊಲ್ಲಿಯ ಪಾಲು.

ರಸ್ತೆಯ ನಡುಭಾಗದಲ್ಲಿ ಬಂಪರ್ ಸೇರಿ 21 ಅಡಿಗಿಂತ ಉದ್ದದ, ಪಕ್ಕದ ಕನ್ನಡಿಗಳು ಸೇರಿ 8 ಅಡಿಗಿಂತ ಅಗಲದ ವಾಹನಗಳಿಗೆ ಪ್ರವೇಶವಿಲ್ಲ. ದೊಡ್ಡ ಮೋಟಾರ್‌ಹೋಮ್‌ಗಳ ಉದ್ದ 30 ಅಡಿಯಿಂದ 40 ಅಡಿ. ವ್ಯಾನಿನಷ್ಟೇ ಗಾತ್ರದ ಕೆಲವು ಸಣ್ಣವು ಮಾತ್ರ ಈ ಅಳತೆಯೊಳಗೆ ಬರುತ್ತವೆ. ಅವುಗಳ ಎತ್ತರ 10 ಅಡಿ ಮೀರಿದರೆ, ಪಶ್ಚಿಮಕ್ಕೆ ಇಳಿಯುವಾಗ ರಸ್ತೆಯ ಮೇಲೆ ಚಾಚಿಕೊಂಡ ಬಂಡೆಗಳಿಗೆ ತಲೆ ತಾಗುವ ಭಯ ಬೇರೆ.

ಉದ್ಯಾನ ಸ್ಥಾಪನೆಯಾದದ್ದು 1910ರಲ್ಲಿ. ಆಗ ಬರುತ್ತಿದ್ದವರು ಹೆಚ್ಚಾಗಿ ಗ್ರೇಟ್ ನಾರ್ದರ್ನ್ ರೈಲಿನಲ್ಲಿ ಬಂದಿಳಿದು ಕುದುರೆಯೇರಿ ಬೆಟ್ಟ ನೋಡುತ್ತಿದ್ದ ಅನುಕೂಲಸ್ಥರು. ಮೋಟಾರ್‌ಹೋಮಿನ ಹಿರಿಯಜ್ಜನೆನ್ನಬಹುದಾದ ಪಿಯರ್ಸ್-ಆ್ಯರೋ ಕಂಪನಿಯ ‘ಟೂರಿಂಗ್ ಲ್ಯಾಂಡೊ’ ಬಂದದ್ದೂ ಅದೇ ವರ್ಷ. ಅದರ ಹಿಂದಿನ ಸೀಟು ಬಿಡಿಸಿದರೆ ಹಾಸಿಗೆಯಾಗುತ್ತಿತ್ತು. ಉದ್ಯಾನ ಮತ್ತು ವಾಹನ ಹೀಗೆ ಓರಗೆಯವರು.

ಕಾರುಗಳು ಹೆಚ್ಚಿದಂತೆ ಬೆಟ್ಟ ದಾಟುವ ರಸ್ತೆ ಬೇಕಾಯಿತು. ಎಂಜಿನಿಯರ್ ಜಾರ್ಜ್ ಗುಡ್‌ವಿನ್ ಕಣಿವೆಯಿಂದ ನೆತ್ತಿಗೆ 15 ಹಿಮ್ಮುರಿ ತಿರುವುಗಳ ರಸ್ತೆ ಯೋಜಿಸಿದ್ದರು. ಭೂದೃಶ್ಯ ವಿನ್ಯಾಸಕ ಥಾಮಸ್ ವಿಂಟ್ ಅದನ್ನು ಒಪ್ಪಲಿಲ್ಲ. ಅಷ್ಟು ತಿರುವುಗಳನ್ನು ಕಡಿದರೆ ಕಣಿವೆ ಗಣಿಗಾರರು ಅಗೆದು ಹೋದ ಜಾಗದಂತೆ ಕಂಡೀತು ಎಂಬುದು ಅವರ ಆಕ್ಷೇಪ. ‘ಗಾರ್ಡನ್ ವಾಲ್’ ಎಂಬ ಗೋಡೆಯಂಥ ಪರ್ವತದ ಮೈಯನ್ನೇ ಕೊರೆದು, ಒಂದೇ ಒಂದು ಹಿಮ್ಮುರಿ ತಿರುವಿನಲ್ಲಿ ಮೇಲೇರುವುದು ಅವರ ಸೂಚನೆ. ಖರ್ಚು ಹೆಚ್ಚು, ಕೆಲಸವೂ ಕಷ್ಟ. ಆದರೂ ರಾಷ್ಟ್ರೀಯ ಉದ್ಯಾನ ಇಲಾಖೆಯ ಮೊದಲ ನಿರ್ದೇಶಕ ಸ್ಟೀಫನ್ ಮೇದರ್ ಅದನ್ನೇ ಆರಿಸಿದರು. ರಸ್ತೆ ಬೆಟ್ಟವನ್ನು ತೋರಿಸಬೇಕು, ತಾನು ಕಾಣಿಸಿಕೊಳ್ಳಬಾರದು. ಇಂದಿನ 21 ಅಡಿಯ ಮಿತಿಯ ಬೇರು ಇರುವುದು ಈ ಆಯ್ಕೆಯಲ್ಲಿ. ನಿರ್ಮಾಣದ ವೇಳೆ ಮೂವರು ಕೆಲಸಗಾರರು ಪ್ರಾಣ ತೆತ್ತರು. 1932ರಲ್ಲಿ ಕೆಲಸ ಮುಗಿದು, 1933ರ ಜುಲೈ 15ರಂದು ವಿಧ್ಯುಕ್ತ ಉದ್ಘಾಟನೆಯಾಯಿತು.

ಬಂಡೆ ಕೊರೆದ ರಸ್ತೆ ಅಗಲವಾಗಿರಲು ಹೇಗೆ ಸಾಧ್ಯ? ಒಂದು ಬದಿಗೆ ಕಡಿದಾದ ಬಂಡೆ, ಇನ್ನೊಂದು ಬದಿಗೆ ಗಿಡ್ಡ ಕಲ್ಲುಗೋಡೆ, ಅದರಾಚೆ ಪ್ರಪಾತ. ಉದ್ದದ ವಾಹನ ತಿರುವಿನಲ್ಲಿ ಹೊರಳುವಾಗ ಹಿಂದಿನ ಗಾಲಿಗಳು ಮುಂದಿನವು ಹೋದ ಜಾಡಿನಲ್ಲಿ ಹೋಗುವುದಿಲ್ಲ. ಒಳಮೂಲೆಗೆ ಒತ್ತರಿಸಿಕೊಂಡು ಸಾಗುತ್ತವೆ. ಗಾಲಿಯಿಂದ ಹಿಂದಕ್ಕೆ ಚಾಚಿದ ಭಾಗವೋ ಹೊರಕ್ಕೆ ಬೀಸುತ್ತದೆ. ಅಂದರೆ 35 ಅಡಿಯ ವಾಹನ ತಿರುಗಬೇಕಾದರೆ ಎದುರಿನವರ ದಾರಿಯನ್ನೂ ಕಬಳಿಸಬೇಕು. ಎದುರಿಗೆ ಬಂದವರಿಗೆ ಸರಿದುಕೊಳ್ಳಲು ಜಾಗವೆಲ್ಲಿ?

ವಯಸ್ಸಾದ ಕಾಲಕ್ಕೆ ಸುಖವಾಗಿ ಬೆಟ್ಟ ನೋಡೋಣವೆಂದೇ ಇಂಥ ವಾಹನ ಕೊಂಡವರು ಗೊಣಗುವುದುಂಟು. ಅದರಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಅವರಿಗಾಗಿ ರಸ್ತೆ ಹಿಗ್ಗಿಸಬೇಕಾದರೆ ಅವರು ನೋಡಲು ಬಂದ ಬೆಟ್ಟವನ್ನೇ ಮತ್ತಷ್ಟು ಕಡಿಯಬೇಕು. 1997ರಲ್ಲಿ ಈ ರಸ್ತೆಯೇ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿತವಾಗಿದೆ. ಕಲ್ಲುಗೋಡೆಗೂ ಈಗ ಸ್ಮಾರಕದ ಮರ್ಯಾದೆ.

ಹಾಗಾಗಿ ಮೋಟಾರ್‌ಹೋಮಿನವರು ಮನೆಯನ್ನು ಕೆಳಗೇ ಬಿಡುತ್ತಾರೆ. ದೋಣಿ ಕಟ್ಟಿದ ಹಡಗಿನಂತೆ ಹಲವರು ಹಿಂದೆ ಪುಟ್ಟ ಕಾರೊಂದನ್ನು ಎಳೆದುಕೊಂಡೇ ಬಂದಿರುತ್ತಾರೆ. ಅದರಲ್ಲಿ ಮೇಲೆ ಹೋಗುತ್ತಾರೆ. ಉಳಿದವರಿಗೆ ಕೆಂಪು ಬಸ್ಸುಗಳಿವೆ. ವೈಟ್ ಕಂಪನಿ 1936ರಿಂದ 1939ರ ನಡುವೆ ತಯಾರಿಸಿದ ಈ ಬಸ್ಸುಗಳ ಕ್ಯಾನ್ವಾಸ್ ಛಾವಣಿಯನ್ನು ಸುತ್ತಿ ಹಿಂದಕ್ಕೆ ಸರಿಸಿದರೆ, ಕೂತಲ್ಲಿಂದಲೇ ತಲೆಯೆತ್ತಿ ಶಿಖರ ನೋಡಬಹುದು. 1999ರಲ್ಲಿ ಸುರಕ್ಷತೆಯ ಕಾರಣಕ್ಕೆ ಇವನ್ನು ನಿಲ್ಲಿಸಲಾಗಿತ್ತು. ಫೋರ್ಡ್ ಕಂಪನಿಯ ನೆರವಿನಿಂದ ದುರಸ್ತಿಯಾಗಿ 2002ರಲ್ಲಿ ಮರಳಿದವು. ಮನೆ ಬಿಟ್ಟಿರಲು ಒಲ್ಲದವರು ದಕ್ಷಿಣದಿಂದ ಸುತ್ತಿ, 5,213 ಅಡಿಯ ಮರಾಯಸ್ ಪಾಸ್ ಮೂಲಕ ಘಟ್ಟ ದಾಟಬೇಕು. ಅದು ಹಳೆಯ ರೈಲು ಹಳಿಯ ಜೊತೆಗೇ ಸಾಗುವ ಹೆದ್ದಾರಿ.

ಸಣ್ಣ ಕಾರಿನವರೂ ಬೇಗ ಬರಬಾರದು. ಲೋಗನ್ ಪಾಸಿನ ಪೂರ್ವಕ್ಕೆ ಹಿಮ ಕೆಲವು ವರ್ಷ 80 ಅಡಿಯವರೆಗೂ ರಾಶಿ ಬೀಳುತ್ತದೆ. ವಸಂತದಲ್ಲೇ ಯಂತ್ರಗಳು ಅದನ್ನು ತೆಗೆಯಲು ತೊಡಗಿದರೂ ಪೂರ್ತಿ ರಸ್ತೆ ತೆರೆಯುವುದು ಸಾಮಾನ್ಯವಾಗಿ ಜೂನ್ ಕೊನೆಗೋ ಜುಲೈ ಮೊದಲಿಗೋ.