ತೂಕದ ಲೆಕ್ಕಕ್ಕೆ ಒಬ್ಬ ದುಭಾಷಿ

ಅಡಿಕೆ ಚೀಲದ ತೂಕ, ಕಾಫಿ ಕುಯಿಲಿನ ಆಳುಲೆಕ್ಕ ಇವನ್ನು ಡೇಟಾಬೇಸಿನಲ್ಲಿ ಇಟ್ಟಿರುವ ಬೆಳೆಗಾರ ಬಂಧುಗಳು ಅದನ್ನೇ ಮತ್ತೆ ಎಕ್ಸೆಲ್ ಹಾಳೆಗೆ ಕೈಯಿಂದ ಇಳಿಸುವುದುಂಟು. ಇಳಿಸುವಾಗ 65 ಕೆ.ಜಿ. ಎಂಬುದು 56 ಆಯಿತೆನ್ನಿ, ಚೀಲವೊಂದಕ್ಕೆ 9 ಕೆ.ಜಿ.ಯ ಹಣ ಲೆಕ್ಕದಿಂದ ಬಿಟ್ಟುಹೋಯಿತು. ಈ ನಕಲು ಕೆಲಸವೇ ಬೇಡವೆಂಬುದು ನಮ್ಮ ಅಭಿಪ್ರಾಯ.

ಎಕ್ಸೆಲ್‌ಗೂ ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸಿಗೂ ನೇರ ಮಾತುಕತೆ ಇಲ್ಲ. ನಡುವೆ ದುಭಾಷಿ ಬೇಕು; ಅದೇ ಡ್ರೈವರ್. 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಓಡಿಬಿಸಿ ಎಂಬ ಕಟ್ಟಳೆಯಂತೆ ತಂತ್ರಾಂಶವು ಒಂದೇ ರೀತಿಯಲ್ಲಿ ಪ್ರಶ್ನೆ ಕೇಳುತ್ತದೆ. ಆಯಾ ಡೇಟಾಬೇಸಿನ ಡ್ರೈವರ್ ಅದನ್ನು ತಲುಪಿಸಿ ಉತ್ತರ ತರುತ್ತದೆ.

ಡ್ರೈವರ್ ಹಾಕಿದ ಮೇಲೆ ವಿಂಡೋಸ್‌ನ ಓಡಿಬಿಸಿ ಕಿಟಕಿಯಲ್ಲಿ ಸಂಪರ್ಕಕ್ಕೊಂದು ಹೆಸರು, ಸರ್ವರ್ ವಿಳಾಸ, ಪೋರ್ಟ್ ಸಂಖ್ಯೆ (ಮೈಎಸ್‌ಕ್ಯೂಎಲ್‌ಗೆ ರೂಢಿಯಲ್ಲಿ 3306), ಬಳಕೆದಾರನ ಹೆಸರು, ಪಾಸ್‌ವರ್ಡ್ ತುಂಬಿ 'ಟೆಸ್ಟ್' ಒತ್ತಬೇಕು. ಇಲ್ಲಿ ಗೆದ್ದರೂ ಎಕ್ಸೆಲ್‌ನಲ್ಲಿ ಸಂಪರ್ಕ ಸಿಗದೆ ಅನೇಕರು ಕೈಚೆಲ್ಲುತ್ತಾರೆ. ವಿಂಡೋಸ್ 64 ಬಿಟ್ ಆಗಿದ್ದರೂ ಎಕ್ಸೆಲ್ 32 ಬಿಟ್‌ನದಾದರೆ ಡ್ರೈವರೂ 32 ಬಿಟ್‌ನದೇ ಇರಬೇಕು. ಸಂಪರ್ಕವನ್ನೂ 32 ಬಿಟ್ ಕಿಟಕಿಯಲ್ಲೇ ಮಾಡಬೇಕು. ತಮಾಷೆಯೆಂದರೆ, ಅಂಥ ಗಣಕದಲ್ಲಿ 64 ಬಿಟ್ ಕಿಟಕಿ ಇರುವುದು 'ಸಿಸ್ಟಂ32' ಫೋಲ್ಡರಿನಲ್ಲಿ, 32 ಬಿಟ್‌ನದು 'ಸಿಸ್‌ವಾವ್64'ರಲ್ಲಿ! ಹೆಸರು ನೋಡಿ ಮೋಸಹೋಗಬಾರದು.

ಸಂಪರ್ಕ ಕೂಡಿದರೆ ಹೊಸ ತೂಕ ಸೇರಿದಾಗ 'ರಿಫ್ರೆಶ್' ಒತ್ತಿದರಾಯಿತು. ಆದರೆ ಈ ಬಳಕೆದಾರನಿಗೆ ಓದುವ ಅಧಿಕಾರ ಮಾತ್ರ ಕೊಡಿಸಿರಿ. ಆಗ ಹಾಳೆಯಲ್ಲಿ ಯಾರು ಏನು ತಿದ್ದಿದರೂ ಡೇಟಾಬೇಸಿನ ಮೂಲ ತೂಕ ಹಾಗೆಯೇ ಉಳಿಯುತ್ತದೆ.