ಒಂದು ಕೋಣೆ, ಎರಡು ಮಂಚ, ಒಂದು ಫ್ಯಾನು

ಬೆಂಗಳೂರಿನ ಟೂ ಬಿಎಚ್‌ಕೆ ಫ್ಲ್ಯಾಟುಗಳ ನಕ್ಷೆಗಳಲ್ಲಿ ‘ಚಿಲ್ಡ್ರನ್ಸ್ ಬೆಡ್‌ರೂಮ್’ ಎಂದು ಬರೆದಿರುವ ಚೌಕದ ಅಳತೆ ಸಾಮಾನ್ಯವಾಗಿ 10×11 ಅಡಿಯ ಆಸುಪಾಸಿನಲ್ಲಿರುತ್ತದೆ. ಮಾದರಿ ಫ್ಲ್ಯಾಟಿಗೆ ಹೋಗಿ ನೋಡಿದವರಿಗೆ ಅಷ್ಟೇ ಜಾಗ ಧಾರಾಳವಾಗಿ ಕಾಣುತ್ತದೆ. ಅಲ್ಲಿ ಬೀರುವಿನೊಳಗೆ ಬಟ್ಟೆ ಇರುವುದಿಲ್ಲ, ನೆಲದ ಮೇಲೆ ಆಟಿಕೆ ಇರುವುದಿಲ್ಲ, ಮುಖ್ಯವಾಗಿ ಮಕ್ಕಳೇ ಇರುವುದಿಲ್ಲ. ಏಳು ವರ್ಷದ ಅಕ್ಕ, ಮೂರು ವರ್ಷದ ತಮ್ಮ, ಇಬ್ಬರ ಸ್ಕೂಲ್ ಬ್ಯಾಗು, ಒಂದು ತ್ರಿಚಕ್ರ ಸೈಕಲ್ಲು ಒಳಗೆ ಬಂದ ಮೇಲೆ ಅದೇ ಕೋಣೆ ಬಸ್ಸಿನ ಹಿಂದಿನ ಸೀಟಿನ ಹಾಗಾಗುತ್ತದೆ.

ಹಾಗೆಂದು ಬಿಲ್ಡರ್ ಮೋಸ ಮಾಡಿದನೆನ್ನುವಂತಿಲ್ಲ. ಮನೆಯಲ್ಲಿ ವಾಸದ ಕೋಣೆ ಎರಡಿದ್ದರೆ ಒಂದು ಕನಿಷ್ಠ 9.5 ಚದರ ಮೀಟರ್, ಇನ್ನೊಂದು 7.5 ಚದರ ಮೀಟರ್ ಇರಬೇಕು ಎನ್ನುತ್ತದೆ ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ. 7.5 ಚದರ ಮೀಟರ್ ಎಂದರೆ ಸುಮಾರು 80 ಚದರ ಅಡಿ. ಆ ಲೆಕ್ಕದಲ್ಲಿ 110 ಚದರ ಅಡಿಯ ಕೋಣೆ ಸಾಕಷ್ಟು ದೊಡ್ಡದೇ. ಸಮಸ್ಯೆ ಇರುವುದು ಅದರೊಳಗೆ ನಾವು ತಂದು ತುಂಬುವುದರಲ್ಲಿ.

ಮಲಗುವುದಕ್ಕೆಂದೇ ಮಕ್ಕಳಿಗೆ ಬೇರೆ ಕೋಣೆ ಕೊಡುವುದು ನಮ್ಮ ಬಹುತೇಕ ಮನೆಗಳಿಗೆ ಹೊಸತು. ಪಡಸಾಲೆಯಲ್ಲೋ ನಡುಮನೆಯಲ್ಲೋ ರಾತ್ರಿ ಸಾಲಾಗಿ ಚಾಪೆ ಹಾಸಿ, ಮೇಲೆ ಜಮಖಾನ, ಚಳಿಯಿದ್ದರೆ ಕೌದಿ ಹೊದ್ದು ಅಣ್ಣ, ತಮ್ಮ, ಚಿಕ್ಕಪ್ಪನ ಮಕ್ಕಳು, ರಜೆಗೆ ಬಂದ ಅತ್ತೆಯ ಮಕ್ಕಳೆಲ್ಲ ಒಟ್ಟಿಗೆ ಮಲಗುತ್ತಿದ್ದರು. ಅದನ್ನು ಈಗ ಪ್ರೀತಿಯಿಂದ ನೆನೆಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಬೆಳಗಾದರೆ ಹಾಸಿಗೆ ಸುತ್ತಿ ಮೂಲೆ ಸೇರುತ್ತಿತ್ತು, ಅಷ್ಟೂ ನೆಲ ಹಗಲಿಗೆ ವಾಪಸು ಸಿಗುತ್ತಿತ್ತು. ಇಂದಿನ ಮಂಚ ಹಾಗಲ್ಲ. ರಾತ್ರಿ ಹತ್ತು ಗಂಟೆ ಕೆಲಸ ಮಾಡಿ ಉಳಿದ ಹದಿನಾಲ್ಕು ಗಂಟೆ ಸುಮ್ಮನೆ ಜಾಗ ಹಿಡಿದು ಕೂತಿರುತ್ತದೆ.

ಲೆಕ್ಕ ಹಾಕಿ ನೋಡಬಹುದು. 75×36 ಇಂಚಿನ ಹಾಸಿಗೆಯ ಸಿಂಗಲ್ ಮಂಚ ಸುಮಾರು 19 ಚದರ ಅಡಿ ತಿನ್ನುತ್ತದೆ. ಎರಡಕ್ಕೆ 38. ಎರಡಡಿ ಆಳ, ಆರಡಿ ಅಗಲದ ಬೀರುವಿಗೆ 12. ಓದುವ ಮೇಜು, ಕುರ್ಚಿ, ಬಾಗಿಲು ತೆರೆಯಲು ಬೇಕಾದ ಜಾಗ ಕಳೆದರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ, ಅದೂ ಅಲ್ಲೊಂದು ಚೂರು ಇಲ್ಲೊಂದು ಚೂರು. ಸಣ್ಣ ಮಕ್ಕಳಿಗಾದರೋ ನೆಲವೇ ಮುಖ್ಯ ಪೀಠೋಪಕರಣ. ಬ್ಲಾಕು ಜೋಡಿಸುವುದು, ಚಿತ್ರ ಬರೆಯುವುದು, ಜಗಳ ಆಡುವುದು ಎಲ್ಲ ಅಲ್ಲೇ. ಆದ್ದರಿಂದ ಕೋಣೆಯ ಮಧ್ಯೆ ಕನಿಷ್ಠ ಐದಡಿ ಚೌಕದ ಖಾಲಿ ನೆಲವನ್ನು ಮೊದಲು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು, ಆಮೇಲೆ ಮಂಚ ಎಲ್ಲಿ ಎಂದು ಯೋಚಿಸುವುದು ಜಾಣತನ. ಬಹುತೇಕ ಮನೆಗಳಲ್ಲಿ ನಡೆಯುವುದು ಇದರ ತಿರುಗಾಮುರುಗಾ.

ಇಲ್ಲಿಗೆ ಎಲ್ಲರಿಗೂ ಹೊಳೆಯುವ ಪರಿಹಾರ ಬಂಕ್ ಬೆಡ್, ಅಂದರೆ ಒಂದರ ಮೇಲೊಂದು ಮಂಚ. ಮಕ್ಕಳಿಗೂ ಅದೇ ಬೇಕು; ರೈಲಿನ ಅಪ್ಪರ್ ಬರ್ತ್ ಮೇಲಿನ ಮೋಹ ಮನೆಯಲ್ಲೇ ತೀರುತ್ತದಲ್ಲ! ಆದರೆ ವಿದೇಶಿ ಕೆಟಲಾಗಿನ ಚಿತ್ರಗಳಲ್ಲಿ ಕಾಣದ, ನಮ್ಮ ಕೋಣೆಗಳಲ್ಲಿ ತಪ್ಪದೇ ಇರುವ ವಸ್ತುವೊಂದಿದೆ. ಅದು ಸೀಲಿಂಗ್ ಫ್ಯಾನು.

ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಫ್ಯಾನಿನ ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ 1200 ಮಿಲಿಮೀಟರ್, ಅಂದರೆ ನಡುವಿನಿಂದ ರೆಕ್ಕೆಯ ತುದಿಗೆ ಎರಡಡಿ. ಹತ್ತಡಿ ಅಗಲದ ಕೋಣೆಯ ಮಧ್ಯದಲ್ಲಿ ಫ್ಯಾನಿದ್ದರೆ ಅದರ ರೆಕ್ಕೆ ಗೋಡೆಯಿಂದ ಮೂರಡಿ ದೂರದವರೆಗೂ ಬರುತ್ತದೆ. ಗೋಡೆಗೆ ಒತ್ತಿ ಇಟ್ಟ ಬಂಕ್ ಬೆಡ್ಡಿನ ಅಗಲವೂ ಮೂರಡಿ. ಎರಡೂ ಸರಿಯಾಗಿ ಒಂದೇ ಗೆರೆಯಲ್ಲಿ ಸಂಧಿಸುತ್ತವೆ. ಇನ್ನು ಎತ್ತರ: ಒಂಬತ್ತೂವರೆ ಅಡಿಯ ತಾರಸಿಯಿಂದ ಒಂದಡಿ ಕೆಳಗೆ ರೆಕ್ಕೆ ತಿರುಗುತ್ತದೆ ಎಂದುಕೊಂಡರೆ ಅದು ಎಂಟೂವರೆ ಅಡಿ. ಮೇಲಿನ ಹಾಸಿಗೆ ಐದಡಿ ಎತ್ತರದಲ್ಲಿದ್ದು, ನಾಲ್ಕಡಿ ಎತ್ತರದ ಮಗು ಅದರ ಮೇಲೆ ಎದ್ದು ನಿಂತರೆ ತಲೆ ಒಂಬತ್ತಡಿಗೆ ಹೋಯಿತು. ಕೂತಲ್ಲಿಂದಲೇ ಕೈ ಚಾಚಿದರೂ ಬೆರಳು ಸಿಗುವ ದೂರ. ಫ್ಯಾನನ್ನು ಅಲ್ಲಿಂದ ತೆಗೆಸಿ ಎದುರು ಗೋಡೆಗೆ ಜಾಲರಿಯಿರುವ ವಾಲ್ ಫ್ಯಾನ್ ಹಾಕಿಸಲು ಮನಸ್ಸಿಲ್ಲದವರು ಬಂಕ್ ಬೆಡ್ಡಿನ ಆಸೆ ಬಿಡುವುದೇ ಒಳ್ಳೆಯದು. ‘ಹುಷಾರಾಗಿರು ಅಂತ ಹೇಳಿದ್ದೀವಿ’ ಎಂಬ ಮಾತು ಆರು ವರ್ಷದವರ ಮುಂದೆ ನಡೆಯುವುದಿಲ್ಲ.

ಬಂಕ್ ಬೆಡ್ಡುಗಳ ಬಗ್ಗೆ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2000ದಿಂದ ಕಡ್ಡಾಯ ನಿಯಮ ಜಾರಿಗೆ ತಂದಿದೆ. ಆರು ವರ್ಷದೊಳಗಿನವರು ಮೇಲೆ ಮಲಗಬಾರದು. ಮೇಲಿನ ಮಂಚದ ತಡೆಕಟ್ಟು ಹಾಸಿಗೆಗಿಂತ ಕನಿಷ್ಠ 5 ಇಂಚು ಎತ್ತರ ಇರಬೇಕು. ಮೇಲಿನ ಮಂಚದ ಸುತ್ತಲಿನ ಸಂದು 3.5 ಇಂಚು ಮೀರಬಾರದು, ಏಕೆಂದರೆ ಅದಕ್ಕಿಂತ ದೊಡ್ಡ ಸಂದಿನಲ್ಲಿ ಮಗುವಿನ ಮೈ ಜಾರಿ, ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಗೋಡೆಯ ಕಡೆಗೂ ತಡೆಕಟ್ಟು ಬೇಕು. ನಮ್ಮ ಬಡಗಿಗಳಿಗೆ ಹೇಳದಿದ್ದರೆ ಗೋಡೆಯ ಬದಿಯನ್ನು ಬಿಟ್ಟೇಬಿಡುತ್ತಾರೆ, ಎತ್ತರವನ್ನೂ ಅಂದಕ್ಕೆ ತಕ್ಕಂತೆ ಇಟ್ಟುಬಿಡುತ್ತಾರೆ. ಕೆಲಸ ಶುರುವಾಗುವ ಮೊದಲೇ ಈ ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಐದು ಇಂಚಿನ ಲೆಕ್ಕ ಹಾಸಿಗೆಯ ಮೇಲಿನಿಂದ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಆಮೇಲೆ ಬರುವ ದಪ್ಪ ಹಾಸಿಗೆ ತಡೆಕಟ್ಟನ್ನೇ ನುಂಗಿಹಾಕುತ್ತದೆ.

ಮಕ್ಕಳಿಬ್ಬರೂ ಆರರೊಳಗಿದ್ದರೆ ಎಳೆದು ತೆಗೆಯುವ ಮಂಚವೇ ಮೇಲು. ಒಂದು ಮಂಚದ ಹೊಟ್ಟೆಯೊಳಗೆ ಗಾಲಿಯಿರುವ ಇನ್ನೊಂದು ತಗ್ಗಿನ ಮಂಚ. ರಾತ್ರಿ ಹೊರಗೆ, ಬೆಳಗ್ಗೆ ಒಳಗೆ. ನಡುಮನೆಯ ಚಾಪೆಯ ಕಸುಬನ್ನೇ ಪ್ಲೈವುಡ್ಡಿನಲ್ಲಿ ಮಾಡಿದಂತೆ. ಕೆಳಗಿನದು ನೆಲಕ್ಕೆ ಹತ್ತಿರ ಇರುವುದರಿಂದ ಮೂರು ವರ್ಷದವನು ನಿದ್ದೆಯಲ್ಲಿ ಉರುಳಿದರೂ ಅಂಥ ಪೆಟ್ಟಾಗುವುದಿಲ್ಲ. ತೊಂದರೆಯೂ ಇದೆ. ಕೆಳಗಿನ ಹಾಸಿಗೆ ನಾಲ್ಕು ಇಂಚಿಗಿಂತ ದಪ್ಪ ಇದ್ದರೆ ಒಳಗೆ ಹೋಗುವುದು ಕಷ್ಟ, ಒಳಗೆ ಧೂಳು ಕೂರುತ್ತದೆ, ವಾರಕ್ಕೊಮ್ಮೆಯಾದರೂ ಪೂರ್ತಿ ಹೊರಗೆಳೆದು ಗುಡಿಸಬೇಕು. ಸೊಳ್ಳೆ ಪರದೆ ಕಟ್ಟುವುದು ಬಂಕ್ ಬೆಡ್ಡಿಗೂ ಇದಕ್ಕೂ ಸಮಾನ ಪೀಕಲಾಟ. ಕಿಟಕಿಗೇ ಜಾಲರಿ ಹಾಕಿಸಿದರೆ ಮುಗಿಯಿತು.

ಇನ್ನು ಹಂಚಿಕೆ. ‘ಈ ಅರ್ಧ ನಿಂದು, ಆ ಅರ್ಧ ಅವನದು’ ಎಂದು ಕೋಣೆಯ ನಡುವೆ ಗೆರೆ ಎಳೆಯುವ ಹೆತ್ತವರು ನ್ಯಾಯ ಮಾಡಿದೆವೆಂದುಕೊಳ್ಳುತ್ತಾರೆ. ಏಳಕ್ಕೂ ಮೂರಕ್ಕೂ ಬೇಕಾದದ್ದು ಬೇರೆಬೇರೆ. ಮೂರರವನಿಗೆ ಗಡಿ ಅರ್ಥವಾಗುವುದಿಲ್ಲ, ಏಳರವಳಿಗೆ ಅದೊಂದೇ ಅರ್ಥವಾಗುತ್ತದೆ. ಇಂಥ ಕೋಣೆಯನ್ನು ಎತ್ತರದಲ್ಲಿ ಹಂಚಿದರೆ ಹೆಚ್ಚು ಬಾಳಿಕೆ ಬರುತ್ತದೆ.

ಮಕ್ಕಳ ಕೈಗೆಟಕುವ ತಗ್ಗಿನ ಕಪಾಟನ್ನು ಶಿಕ್ಷಣದ ಭಾಗವನ್ನಾಗಿ ಮಾಡಿದವರು ಮರಿಯಾ ಮಾಂಟೆಸರಿ. 1907ರಲ್ಲಿ ರೋಮ್‌ನ ಸಾನ್ ಲೊರೆಂಜೊ ಬಡಾವಣೆಯಲ್ಲಿ ತೆರೆದ ‘ಮಕ್ಕಳ ಮನೆ’ಯಲ್ಲಿ ಮೇಜು, ಕುರ್ಚಿ, ಕಪಾಟು ಎಲ್ಲವೂ ಮಕ್ಕಳ ಅಳತೆಗೆ ಇಳಿದವು. 1939ರಲ್ಲಿ ಭಾರತಕ್ಕೆ ಬಂದ ಆಕೆ ಯುದ್ಧದ ವರ್ಷಗಳನ್ನು ಮದ್ರಾಸಿನ ಅಡ್ಯಾರ್, ಕೊಡೈಕೆನಾಲ್‌ಗಳಲ್ಲಿ ಕಳೆದರು. ಮಾಂಟೆಸರಿ ಶಾಲೆಗಳು ಇಲ್ಲಿ ಬೇರು ಬಿಟ್ಟಿದ್ದಕ್ಕೆ ಅದೂ ಒಂದು ಕಾರಣ. ಇಬ್ಬರು ಮಕ್ಕಳಿರುವ ಕಡೆ ಆ ಕಪಾಟಿಗೆ ಇನ್ನೊಂದು ಮಹಡಿ ಬೇಕಾಗುತ್ತದೆ. ಕೆಳಗಿನ ಎರಡು ಹಲಗೆ ತಮ್ಮನದು: ಚನ್ನಪಟ್ಟಣದ ದೊಡ್ಡ ಮರದ ಗೊಂಬೆ, ಬಟ್ಟೆ ಪುಸ್ತಕ, ಚೆಂಡು. ಅವನ ಕೈಗೆಟಕದ ಮೇಲಿನ ಹಲಗೆ ಅಕ್ಕನದು: ಮಣಿ, ಸಣ್ಣ ಬ್ಲಾಕು, ಕತ್ತರಿ, ಬಟನ್ ಸೆಲ್ ಹಾಕುವ ಆಟಿಕೆ. ಅಕ್ಕ ಕಟ್ಟಿದ್ದನ್ನು ತಮ್ಮ ಕೆಡವುವ ಜಗಳ ಅರ್ಧಕ್ಕೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಚೂರುಗಳು ಮೂರು ವರ್ಷದೊಳಗಿನವರಿಂದ ದೂರ ಉಳಿಯುತ್ತವೆ. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಆದರೆ ಅಕ್ಕನ ವಯಸ್ಸಿಗೆ ಸುರಕ್ಷಿತ ಎಂದು ಗುರುತು ಪಡೆದ ಆಟಿಕೆ ತಮ್ಮನಿಗೆ ಸುರಕ್ಷಿತವಾಗಬೇಕೆಂದೇನೂ ಇಲ್ಲ.

ಮೇಲೆ ಇಟ್ಟದ್ದನ್ನು ಕೆಳಗಿನವನು ಬಿಡುತ್ತಾನೆಯೇ? ಡ್ರಾಯರುಗಳನ್ನು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತಾನೆ. ಮುಂದಕ್ಕೆ ಮಗುಚಿ ಬೀಳುವ ಅಪಾಯದಿಂದಾಗಿಯೇ ಐಕಿಯಾ ಕಂಪನಿ 2016ರಲ್ಲಿ ಅಮೆರಿಕದಲ್ಲಿ ಮಾಲ್ಮ್ ಮತ್ತಿತರ ಮಾದರಿಯ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ವಾಪಸು ಕರೆಯಬೇಕಾಯಿತು. ಅವುಗಳ ಕೆಳಗೆ ಸಿಕ್ಕಿ ಪುಟ್ಟ ಮಕ್ಕಳು ಸತ್ತಿದ್ದರು. ಗೋಡೆಗೆ ಕೂರಿಸಿದ ಬಡಗಿ ಕೆಲಸದ ಬೀರುವಿಗೆ ಈ ಭಯ ಕಡಿಮೆ. ಅಂಗಡಿಯಿಂದ ತಂದಿಟ್ಟದ್ದನ್ನು ಎಲ್ ಆಕಾರದ ಪಟ್ಟಿ, ಸ್ಕ್ರೂ ಹಾಕಿ ಗೋಡೆಗೆ ಬಿಗಿಸಲೇಬೇಕು. ಬಾಡಿಗೆ ಮನೆಯ ಓನರ್ ಗೋಡೆಗೆ ತೂತು ಬೇಡ ಎಂದರೆ ಎತ್ತರದ ಕಪಾಟೇ ಬೇಡ.

ಎತ್ತರದ ಹಾಗೆಯೇ ಹೊತ್ತನ್ನೂ ಹಂಚಬೇಕು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದಂತೆ 3ರಿಂದ 5 ವರ್ಷದವರಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ತಮ್ಮ ಎಂಟಕ್ಕೆ ಮಲಗಿದರೆ ಅಕ್ಕನಿಗೆ ಒಂಬತ್ತರವರೆಗೆ ಓದುವ ಉಮೇದು. ಬಾಗಿಲ ಪಕ್ಕ ಒಂದೇ ಸ್ವಿಚ್ಚು, ನಡುವೆ ಒಂದೇ ಟ್ಯೂಬ್‌ಲೈಟು ಇರುವ ಕೋಣೆಯಲ್ಲಿ ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಪ್ರತಿ ಮಂಚದ ತಲೆಯ ಹತ್ತಿರ ಒಂದು ಸಣ್ಣ ಹಳದಿ ದೀಪ, ಅದಕ್ಕೆ ಪ್ರತ್ಯೇಕ ಸ್ವಿಚ್ಚು ಇರುವಂತೆ ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವ ದಿನವೇ ಹೇಳಿಬಿಟ್ಟರೆ ಖರ್ಚು ಅಲ್ಪ. ಪೇಂಟ್ ಆದ ಮೇಲೆ ನೆನಪಾದರೆ ದೊಡ್ಡ ರಗಳೆ.

ಎರಡನೆಯದು ಇನ್ನೂ ಹಸುಗೂಸಾದರೆ ಅವಸರ ಬೇಡ. ಕನಿಷ್ಠ ಮೊದಲ ಆರು ತಿಂಗಳು ಕೂಸು ತಾಯ್ತಂದೆಯ ಕೋಣೆಯಲ್ಲಿ, ಆದರೆ ತನ್ನದೇ ಬೇರೆ ಗಟ್ಟಿ ಹಾಸಿಗೆಯಲ್ಲಿ ಮಲಗಬೇಕು, ಅದರಲ್ಲಿ ದಿಂಬು, ಗೊಂಬೆ ಇರಬಾರದು ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಅಣ್ಣನೋ ಅಕ್ಕನೋ ಪ್ರೀತಿಯಿಂದ ತನ್ನ ಕರಡಿ ಗೊಂಬೆಯನ್ನು ಪಾಪುವಿನ ಪಕ್ಕ ಮಲಗಿಸುವುದು ಅವರಿಬ್ಬರನ್ನೂ ಬೇಗ ಒಂದು ಕೋಣೆಗೆ ಹಾಕಿದಾಗಲೇ.

ಬಣ್ಣದ ವಿಷಯಕ್ಕೆ ಬಂದರೆ ಗುಲಾಬಿಯೋ ನೀಲಿಯೋ ಎಂಬ ಪಂಚಾಯಿತಿಗಿಂತ ಸೀಸದ ಲೆಕ್ಕ ದೊಡ್ಡದು. 2017ರ ನವೆಂಬರಿನಿಂದ ಮನೆ ಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಅದಕ್ಕಿಂತ ಹಳೆಯ ಆಯಿಲ್ ಪೇಂಟ್ ಬಳಿದ ಕಿಟಕಿ, ಬಾಗಿಲುಗಳನ್ನು ಒಣದಾಗಿ ಉಜ್ಜುವಾಗ ಮಕ್ಕಳು ಮನೆಯಲ್ಲಿರಬಾರದು. ಗೋಡೆ ತಿಳಿಬಣ್ಣದ್ದಿರಲಿ. ಕಾರ್ಟೂನ್ ಗೋಡೆಗೆ ಹಣ ಸುರಿಯುವುದು ವ್ಯರ್ಥ, ಆ ಕಾರ್ಟೂನು ಎರಡು ವರ್ಷಕ್ಕೆ ಹಳತಾಗುತ್ತದೆ. ಬೆಡ್‌ಶೀಟು, ದಿಂಬಿನ ಚೀಲ ಮಾತ್ರ ಅವರವರ ಆಯ್ಕೆಗೆ ಬಿಡಬೇಕು. ಮತ್ತೆ, ಒಬ್ಬೊಬ್ಬರಿಗೆ ಒಂದೊಂದು ಮುಚ್ಚಳದ ಪೆಟ್ಟಿಗೆ. ಅದರೊಳಗೆ ಇರುವುದು ಕಲ್ಲೋ, ಬಸ್ ಟಿಕೆಟ್ಟೋ, ಕೇಳದೆ ಯಾರೂ ತೆಗೆಯಬಾರದು, ಅಮ್ಮನೂ ಸಹ.

ಅಣ್ಣ-ತಂಗಿ ಎಷ್ಟು ವಯಸ್ಸಿನವರೆಗೆ ಒಂದೇ ಕೋಣೆಯಲ್ಲಿ ಇರಬಹುದು? ಬ್ರಿಟನ್‌ನಲ್ಲಿ 2013ರಲ್ಲಿ ಬಂದ, ಜನ ‘ಬೆಡ್‌ರೂಮ್ ತೆರಿಗೆ’ ಎಂದು ಕರೆದ ನಿಯಮ ಹತ್ತು ವರ್ಷದೊಳಗಿನ ಯಾವುದೇ ಇಬ್ಬರು ಮಕ್ಕಳಿಗೆ ಒಂದು ಕೋಣೆ ಸಾಕೆಂದು ಲೆಕ್ಕ ಹಿಡಿಯಿತು. ಇಬ್ಬರೂ ಹುಡುಗರೋ ಇಬ್ಬರೂ ಹುಡುಗಿಯರೋ ಆದರೆ ಹದಿನಾರರವರೆಗೆ. ಅದು ಸರ್ಕಾರಿ ಸಹಾಯಧನದ ಲೆಕ್ಕವಾದರೂ ಹತ್ತು ಎಂಬುದು ಅನೇಕ ಮನೆಗಳ ಅನುಭವಕ್ಕೆ ಹತ್ತಿರವಾಗಿದೆ. ಆ ಹೊತ್ತಿಗೆ ಮರೆ ಬೇಕಾಗುತ್ತದೆ. ಮೂರನೇ ಬೆಡ್‌ರೂಮ್ ಎಲ್ಲರ ಕೈಗೆಟಕುವುದಿಲ್ಲ.

ಚಂಡೀಗಢದ ನಕ್ಷೆ ಬರೆದ ಲ ಕಾರ್ಬೂಸಿಯೆ ಇದಕ್ಕೊಂದು ದಾರಿ ಕಂಡುಕೊಂಡಿದ್ದ. 1952ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಮುಗಿದ ಅವನ ಬೃಹತ್ ವಸತಿ ಕಟ್ಟಡದ ಮನೆಗಳಲ್ಲಿ ಮಕ್ಕಳಿಗೆ ಅಕ್ಕಪಕ್ಕ ಎರಡು ಇಕ್ಕಟ್ಟಾದ ಕೋಣೆಗಳಿವೆ, ಒಂದೊಂದರ ಅಗಲ ಸುಮಾರು ಆರಡಿ. ನಡುವಿನ ತಡಿಕೆ ಸರಿಯುತ್ತದೆ. ತೆಗೆದರೆ ಆಟದ ಅಂಗಳ, ಹಾಕಿದರೆ ಎರಡು ಕೋಣೆ, ಜೊತೆಗೆ ಆ ತಡಿಕೆಯೇ ಕರಿಹಲಗೆ. ಅವನ ಜಾಣತನ ಇರುವುದು ತಡಿಕೆಯ ದಿಕ್ಕಿನಲ್ಲಿ. ಅದು ಕಿಟಕಿಯ ಗೋಡೆಗೆ ಲಂಬವಾಗಿ ಬರುವುದರಿಂದ ಎರಡೂ ಬದಿಗೆ ಬೆಳಕು, ಗಾಳಿ ಸಿಗುತ್ತದೆ.

ನಮ್ಮ 10×11ರ ಕೋಣೆಯಲ್ಲೂ ಇದು ಆಗುವ ಕೆಲಸ, ಕಿಟಕಿ ಇರುವ ಗೋಡೆ 11 ಅಡಿಯದ್ದಾಗಿ, ಕಿಟಕಿ ಅದರ ನಡುವೆ ಇದ್ದರೆ. ಬೀರುವನ್ನು ಕಿಟಕಿಯ ಎದುರು ಗೋಡೆಗೆ ಇಟ್ಟುಕೊಂಡು, ತಾರಸಿಯಲ್ಲಿ ಒಂದರ ಬದಲು ಎರಡು ಫ್ಯಾನ್ ಪಾಯಿಂಟ್, ಎರಡೂ ಪಕ್ಕದ ಗೋಡೆಗಳಲ್ಲಿ ತಲಾ ಒಂದು ಸಾಕೆಟ್ಟು, ದೀಪದ ವೈರಿಂಗ್ ಮೊದಲೇ ಎಳೆಸಿಟ್ಟರೆ, ಹತ್ತನೇ ಹುಟ್ಟುಹಬ್ಬದ ಸುಮಾರಿಗೆ ನಡುವೆ ಒಂದು ಪರದೆಯ ಕಂಬಿ ಅಥವಾ ಸರಿಯುವ ಪ್ಲೈವುಡ್ ಹಲಗೆ ಹಾಕಿಸಿದರೆ ಸಾಕು. ಆಗ ಎಳೆದು ತೆಗೆಯುವ ಮಂಚದ ಕೆಳಗಿನ ಭಾಗಕ್ಕೆ ಕಾಲು ಜೋಡಿಸಿ ಆಚೆ ಬದಿಗೆ ಸಾಗಿಸಬಹುದು. ಬಡಗಿಗೆ ಮೊದಲೇ ಹೇಳಿದ್ದರೆ ಕಾಲಿನ ತೂತುಗಳನ್ನು ಕೊರೆದೇ ಇಟ್ಟಿರುತ್ತಾನೆ.